ಎಂಜಿನ್ ಕೂತಿತು, ಇಸಿಎಂ ಒಪ್ಪಲಿಲ್ಲ: ಒಂದು ಜೀಪಿನ ವೈರಿಂಗ್ ಕೆಲಸ

ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸುವವರು ಮಲೆನಾಡಲ್ಲಿ ಕಮ್ಮಿಯಿಲ್ಲ. ತೋಟದ ಏರಿಗೆ, ಮಳೆಗಾಲದ ಕೆಸರಿಗೆ ಆ ಚಾಸಿಸ್ಸೇ ಬೇಕು, ಸವೆಯುವುದು ಎಂಜಿನ್. ಡಿಐ (ಕಂಪ್ಯೂಟರ್ ಇಲ್ಲದ ಹಳೇ ಥರದ ಡೀಸೆಲ್ ಎಂಜಿನ್) ತೆಗೆದು ಇನ್ನೊಂದು ಡಿಐ ಕೂರಿಸುತ್ತಿದ್ದ ಕಾಲದಲ್ಲಿ ವೈರಿಂಗ್ ಅನ್ನುವುದು ಲೆಕ್ಕಕ್ಕೇ ಇರಲಿಲ್ಲ. ಸೆಲ್ಫ್, ಆಲ್ಟರ್ನೇಟರ್, ಆಯಿಲ್ ಲೈಟು, ಅಷ್ಟೇ. ಈಗ ಗುಜರಿಯಲ್ಲಿ ಚೆನ್ನಾಗಿರುವುದು ಅಂತ ಸಿಗುವುದೆಲ್ಲ ಕಾಮನ್ ರೈಲ್, ಅಂದರೆ ಡೀಸೆಲ್ ಸಿಂಪಡಿಸುವುದನ್ನು ಇಸಿಎಂ ಎಂಬ ಕಂಪ್ಯೂಟರ್ ಡಬ್ಬಿ ನಡೆಸುವ ಎಂಜಿನ್. ಮೌಂಟಿಂಗ್, ಗೇರ್‌ಬಾಕ್ಸ್ ಹೊಂದಾಣಿಕೆ ವೆಲ್ಡಿಂಗ್ ಬಲ್ಲವರ ಕೈಯಲ್ಲಿ ಮುಗಿಯುತ್ತದೆ. ಕೆಲಸ ನಿಲ್ಲುವುದು ಆಮೇಲೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ತಮ್ಮ ಕಮಾಂಡರ್ ಜೀಪನ್ನು ಎಳೆಸಿಕೊಂಡು ಬಂದರು. ಬೇರೆ ಕಡೆ ಬೊಲೆರೊದ 2.5 ಲೀಟರ್ ಕಾಮನ್ ರೈಲ್ ಎಂಜಿನ್ ಕೂರಿಸಿ, ವೈರಿಂಗ್ ಜೋಡಿಸಿ, ಸ್ಟಾರ್ಟ್ ಆಗದೆ ಕೈಬಿಟ್ಟಿದ್ದರು. ‘ಇಸಿಎಂ ಸುಟ್ಟಿದೆ, ಬೇರೆ ತನ್ನಿ’ ಅಂದಿದ್ದರಂತೆ.

‘ಎಂಥ ಮಾರಾಯ್ರೇ, ಎಂಜಿನ್ ಕೂತದ್ದು ಕೂತಿದೆ, ಒಂದು ಡಬ್ಬಿ ಬದಲಿಸಿದ್ರೆ ಆಯ್ತಲ್ಲ?’ ಅಂದರು.

‘ಗೌಡ್ರೇ, ಡಬ್ಬಿ ಸುಟ್ಟಿದೆ ಅಂತ ಅಳತೆ ಮಾಡಿ ನೋಡಿದವರು ಯಾರು? ಮೊದಲು ಅದನ್ನು ನೋಡುವ’ ಅಂದೆ.

ನನ್ನ ಅನುಭವದಲ್ಲಿ ಸುಟ್ಟಿದೆ ಅಂತ ತೀರ್ಪು ಹೊತ್ತು ಬರುವ ಇಸಿಎಂಗಳಲ್ಲಿ ಹೆಚ್ಚಿನವು ಸುಟ್ಟಿರುವುದಿಲ್ಲ. ಅದಕ್ಕೆ ಬೇಕಾದ್ದು ಯಾವುದೋ ಒಂದು ತಲುಪಿರುವುದಿಲ್ಲ. ಬೇರೆ ಗಾಡಿಯ ಇಸಿಎಂ ತಂದು ಹಾಕಿದರೆ ತೊಂದರೆ ಒಂದು ಹೋಗಿ ಮೂರಾಗುತ್ತದೆ. ಕೀಲಿಯ ಒಳಗಿನ ಚಿಪ್ಪು, ಇಮೊಬಿಲೈಜರ್ (ಕಳ್ಳತನ ತಡೆಯುವ ಸಾಧನ) ಮತ್ತು ಇಸಿಎಂ ಒಂದನ್ನೊಂದು ಗುರುತಿಟ್ಟುಕೊಂಡ ಜೋಡಿ. ಒಂದು ಬದಲಾದರೂ ಸೆಲ್ಫ್ ತಿರುಗುತ್ತದೆ, ಡೀಸೆಲ್ ಸಿಂಪಡಿಸುವುದಿಲ್ಲ. ಇಂಜೆಕ್ಟರ್ ತಲೆಯ ಮೇಲೆ ಕೊರೆದ ಕೋಡನ್ನು ಕೂಡ ಸ್ಕ್ಯಾನರ್‌ನಿಂದ (ಇಸಿಎಂ ಜೊತೆ ಮಾತಾಡುವ ಉಪಕರಣ) ಹೊಸ ಇಸಿಎಂಗೆ ಬರೆಯಬೇಕು, ಇಲ್ಲವಾದರೆ ಐಡಲಿಂಗ್ ಒರಟಾಗಿ ಹೊಗೆ ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಡಬ್ಬಿಗಳ ಒಳಗಿನ ಸಾಫ್ಟ್‌ವೇರ್ ಬೇರೆ ಬೇರೆ ಇರಬಹುದು. ಹಾಗಾಗಿ ಎಂಜಿನ್ ತರುವವರಿಗೆ ನಾನು ಹೇಳುವುದು: ಒಂದೇ ಗಾಡಿಯ ಎಂಜಿನ್, ಇಸಿಎಂ, ಕೀಲಿ, ಇಗ್ನಿಷನ್ ಲಾಕಿನ ಸುತ್ತಲಿನ ಇಮೊಬಿಲೈಜರ್ ರಿಂಗು, ಆಕ್ಸಿಲರೇಟರ್ ಪೆಡಲ್, ರಿಲೇ ಬಾಕ್ಸು, ಕಪ್ಲರ್ (ವೈರು ಕೂಡಿಸುವ ಪ್ಲಗ್ಗು) ಸಮೇತ ಪೂರ್ತಿ ವೈರಿಂಗ್ ಕಿಟ್ಟು, ಎಲ್ಲ ಒಟ್ಟಿಗೆ ಬರಲಿ. ಗೌಡರು ಅಷ್ಟೂ ತಂದಿದ್ದರು. ಆದರೆ ಗುಜರಿಯಲ್ಲಿ ವೈರಿಂಗನ್ನು ಡ್ಯಾಶ್‌ಬೋರ್ಡ್ ಹತ್ತಿರ ಕತ್ತರಿಸಿದ್ದರು, ಮೊದಲ ಗ್ಯಾರೇಜಿನವರು ಅದನ್ನು ಬಣ್ಣ ನೋಡಿ ಜೋಡಿಸಿದ್ದರು. ಬಣ್ಣ ನಂಬಬಾರದು. ಕಪ್ಲರಿನ ಪಿನ್ ನಂಬರಿನಿಂದ ಶುರುಮಾಡಿ ಒಂದೊಂದೇ ವೈರನ್ನು ಮೀಟರಿನಲ್ಲಿ ಕಂಟಿನ್ಯೂಟಿ (ತುದಿಯಿಂದ ತುದಿಗೆ ವೈರು ಕೂಡಿದೆಯೇ ಅಂತ) ನೋಡಿ ಕಾಗದದಲ್ಲಿ ಬರೆದುಕೊಳ್ಳಬೇಕು. ಬೇಜಾರಿನ ಕೆಲಸ ಹೌದು, ಆದರೆ ಅಡ್ಡದಾರಿ ಇಲ್ಲ. ಇಸಿಎಂ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯುವುದನ್ನೂ ನಾನು ಬಿಡಿಸುತ್ತೇನೆ; ಸೆನ್ಸರ್ ಸರ್ಕೀಟಿಗೆ ಬಲ್ಬಿನ ಕರೆಂಟು ಹೆಚ್ಚಾಯಿತು. ಮೌಂಟಿಂಗ್ ವೆಲ್ಡ್ ಮಾಡುವಾಗ ಬ್ಯಾಟರಿ ಟರ್ಮಿನಲ್, ಇಸಿಎಂ ಕಪ್ಲರ್ ಎರಡೂ ಬಿಚ್ಚಿರಬೇಕು.

ಕೀ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟು ಇಲ್ಲ, ಸ್ಕ್ಯಾನರಿಗೆ ಉತ್ತರವೂ ಇಲ್ಲ. ಮೊದಲು ಸ್ಕ್ಯಾನರ್ ಸಾಕೆಟ್ಟನ್ನೇ ನೋಡಿದೆ. 16ನೇ ಪಿನ್ನಿಗೆ ಬ್ಯಾಟರಿ, 4 ಮತ್ತು 5ಕ್ಕೆ ಅರ್ತ್ (ಬ್ಯಾಟರಿ ನೆಗೆಟಿವ್) ಸರಿಯಾಗಿತ್ತು. ಆಮೇಲೆ ಮೇನ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು. ಇಗ್ನಿಷನ್ ಸಿಗ್ನಲ್ ಬಂದ ಕೂಡಲೇ ಇಸಿಎಂ ತಾನೇ ಈ ರಿಲೇಗೆ ಅರ್ತ್ ಕೊಟ್ಟು, ಅದರ ಮೂಲಕ ತನ್ನ ಮುಖ್ಯ ಸಪ್ಲೈ ತರಿಸಿಕೊಳ್ಳುತ್ತದೆ. ಕೀ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟು ಲೆಕ್ಕ ಉಳಿಸಿಕೊಂಡು ಬಿಡುತ್ತದೆ. ಇಲ್ಲಿ ರಿಲೇಯನ್ನೇ ಬಿಟ್ಟು ಕೀಯಿಂದ ನೇರ ಲೈನು ಎಳೆದಿದ್ದರು. ಅದನ್ನು ತೆಗೆದು ರಿಲೇ ಮರಳಿ ಜೋಡಿಸಿದೆ. ಟಕ್ ಅಂದಿತು. ಡಬ್ಬಿಗೆ ಜೀವ ಇದೆ ಅಂತ ಅಷ್ಟರಲ್ಲೇ ಗೊತ್ತಾಯಿತು.

ಆದರೂ ಸ್ಕ್ಯಾನರ್ ಮೌನ. ಸೆನ್ಸರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್ ಅಳೆದೆ, 2 ವೋಲ್ಟಿನ ಹತ್ತಿರ ನಿಂತಿತ್ತು. ಒಂದೇ 5 ವೋಲ್ಟ್ ಲೈನಿನಲ್ಲಿ ಹಲವು ಸೆನ್ಸರ್ ಇರುವುದರಿಂದ ಯಾವುದೋ ಒಂದು ಅರ್ತಿಗೆ ತಾಗಿದರೆ ಎಲ್ಲವೂ ಬೀಳುತ್ತವೆ. ಮೀಟರ್ ಹಿಡಿದುಕೊಂಡೇ ಸೆನ್ಸರ್ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದೆ. ಯಾವುದನ್ನು ಬಿಚ್ಚಿದರೂ ಏರಲಿಲ್ಲ. ಅಂದರೆ ಸೆನ್ಸರ್ ಅಲ್ಲ, ವೈರು. ಹೊಸದಾಗಿ ವೆಲ್ಡ್ ಮಾಡಿದ ಬ್ರ್ಯಾಕೆಟ್ಟಿನ ಅಂಚಿಗೆ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ) ಸೆನ್ಸರಿನ ವೈರು ಸಿಕ್ಕಿ ಇನ್ಸುಲೇಷನ್ ಕತ್ತರಿಸಿತ್ತು. ಅದನ್ನು ಬಿಡಿಸಿ ಸರಿಮಾಡಿದ ಮೇಲೆ 5 ವೋಲ್ಟ್ ಬಂತು, ಚೆಕ್ ಲೈಟು ಹತ್ತಿತು, ಸ್ಕ್ಯಾನರ್ ಮಾತಾಡಿತು. ‘ಸುಟ್ಟ’ ಇಸಿಎಂ ಅದೇ.

ಸ್ಟಾರ್ಟ್ ಆಗಲು ಮತ್ತೊಂದು ತಡೆ ಇತ್ತು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಕಾಣುತ್ತಿತ್ತು, ರೈಲ್ ಪ್ರೆಶರ್ ಏರುತ್ತಿರಲಿಲ್ಲ. ಸುಮಾರು 200 ಬಾರ್ ಆಗದೆ ಇಂಜೆಕ್ಟರ್ ತೆರೆಯುವುದಿಲ್ಲ. ಇದು ವೈರಿಂಗ್ ಅಲ್ಲ, ಟ್ಯಾಂಕಿನಿಂದ ಬರುವ ಹಳೇ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿತ್ತು. ಪೈಪು ಬದಲಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ ಮೇಲೆ ಹತ್ತಿಕೊಂಡಿತು. ಡಿಐ ಎಂಜಿನ್ನಿನಲ್ಲಿ ಮಾಡಿದ ಹಾಗೆ ಇಲ್ಲಿ ಇಂಜೆಕ್ಟರ್ ಪೈಪು ಸಡಿಲಿಸಿ ಗಾಳಿ ತೆಗೆಯಲು ಯಾರೂ ಹೋಗಬೇಡಿ. ಸಾವಿರಕ್ಕೂ ಮಿಕ್ಕಿದ ಬಾರ್ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಜೀಪು ಊರಿಗೆ ಹೋಯಿತು. ಮಳೆ ಶುರುವಾದ ಮೇಲೆ ಗೌಡರ ಫೋನು: ‘ಮಳೆ ಬಂದ್ರೆ ಮಾತ್ರ ಆಕ್ಸಿಲರೇಟರ್ ಏರೋದಿಲ್ಲ ಮಾರಾಯ್ರೇ. ಬಿಸಿಲಿದ್ರೆ ಏನೂ ತಕರಾರಿಲ್ಲ.’ ಊರಿನ ಮೆಕ್ಯಾನಿಕ್ ಇಸಿಎಂ ಒಳಗೆ ನೀರು ಹೋಗಿದೆ ಅಂದಿದ್ದರು. ಮಲೆನಾಡಿನಲ್ಲಿ ಅದು ಯಾರಿಗಾದರೂ ಹೊಳೆಯುವ ಮಾತೇ. ಗಾಡಿ ಬಂದಾಗ ಇಸಿಎಂ ಕಪ್ಲರ್ ಬಿಚ್ಚಿದೆ. ಪಿನ್ನುಗಳು ಒಣಗಿದ್ದವು, ಹಸಿರು ಕಿಲುಬಿಲ್ಲ. ಸ್ಕ್ಯಾನರಿನಲ್ಲಿ ಇದ್ದದ್ದು ಪಿ 2138, ಅಂದರೆ ಪೆಡಲಿನ ಎರಡು ಸಿಗ್ನಲ್‌ಗಳ ನಡುವೆ ತಾಳೆ ಇಲ್ಲ.

ಈ ಪೆಡಲಿನಲ್ಲಿ ಕೇಬಲ್ ಇಲ್ಲ, ಎರಡು ಟ್ರ್ಯಾಕ್ ಇವೆ. ಒಂದೊಂದಕ್ಕೂ 5 ವೋಲ್ಟ್, ಸಿಗ್ನಲ್, ಅರ್ತ್ ಅಂತ ಮೂರು ವೈರು. ಒಂದರ ವೋಲ್ಟೇಜು ಇನ್ನೊಂದರ ಸುಮಾರು ಎರಡರಷ್ಟು ಇರಬೇಕು. ಆ ಲೆಕ್ಕ ತಪ್ಪಿದರೆ ಇಸಿಎಂ ಪೆಡಲನ್ನು ನಂಬದೆ ಎಂಜಿನ್ ಓಟವನ್ನು ತಗ್ಗಿಸಿಬಿಡುತ್ತದೆ. ಶೆಡ್ಡಿನಲ್ಲಿ ನಿಲ್ಲಿಸಿ ಅಳೆದರೆ ಲೆಕ್ಕ ಸರಿಯಿತ್ತು. ಮೇಲಿಂದ ನೀರು ಹೊಯ್ದರೂ ಸರಿಯಿತ್ತು. ಆಗ ಯೋಚಿಸಿದೆ, ಮಳೆಯಲ್ಲಿ ಚಾಲಕ ಇನ್ನೇನು ಮಾಡುತ್ತಾನೆ? ಹೆಡ್‌ಲೈಟ್ ಹಾಕುತ್ತಾನೆ, ವೈಪರ್ ಹಾಕುತ್ತಾನೆ. ಎರಡೂ ಹಾಕಿದೆ. ಒಂದು ಟ್ರ್ಯಾಕಿನ ಸಿಗ್ನಲ್ ಅರ್ಧ ವೋಲ್ಟಿಗೂ ಹೆಚ್ಚು ಮೇಲಕ್ಕೆ ಸರಿಯಿತು.

ಆ ಟ್ರ್ಯಾಕಿನ ಅರ್ತ್ ವೈರನ್ನು ಮೊದಲ ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಗಾಡಿಯ ಬಾಡಿ ತಗಡಿಗೆ ಬಿಗಿದಿದ್ದರು. ಸೆನ್ಸರ್ ಅರ್ತ್ ಬೇರೆ, ಬಾಡಿ ಅರ್ತ್ ಬೇರೆ. ಸೆನ್ಸರಿನದ್ದು ಇಸಿಎಂಗೇ ವಾಪಸ್ ಹೋಗಬೇಕು. ಇದರ ಮೇಲೆ ಎಂಜಿನ್ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿಯನ್ನು ಪೇಂಟಿನ ಮೇಲೆಯೇ ಬೋಲ್ಟ್ ಮಾಡಿದ್ದರು. ಎರಡು ಹೆಡ್‌ಲೈಟೇ 9 ಆಂಪಿಯರ್ ಎಳೆಯುತ್ತವೆ. ಆ ಕರೆಂಟು ಕೆಟ್ಟ ಜಾಯಿಂಟಿನಲ್ಲಿ ದಾಟುವಾಗ ಇಡೀ ಬಾಡಿಯ ವೋಲ್ಟೇಜೇ ಬ್ಯಾಟರಿ ನೆಗೆಟಿವ್‌ಗಿಂತ ಮೇಲೇರುತ್ತದೆ, ಪೆಡಲಿನ ಸಿಗ್ನಲ್ಲೂ ಜೊತೆಗೆ ಏರುತ್ತದೆ. ಕಂಟಿನ್ಯೂಟಿ ಹಿಡಿದರೆ ಈ ದೋಷ ಸಿಗುವುದೇ ಇಲ್ಲ, ಬೀಪ್ ಅಂತಲೇ ಅನ್ನುತ್ತದೆ. ಲೋಡ್ ಹಾಕಿ, ಅಂದರೆ ಲೈಟು, ವೈಪರ್ ಆನ್ ಮಾಡಿ, ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ವೋಲ್ಟೇಜ್ ಡ್ರಾಪ್ ಅಳೆಯಬೇಕು. 0.2 ವೋಲ್ಟ್ ದಾಟಿದರೆ ನಾನು ಆ ಜಾಯಿಂಟನ್ನು ಬಿಡುವುದಿಲ್ಲ. ಪೇಂಟ್ ಕೆರೆದು ಪಟ್ಟಿ ಬಿಗಿದು ಗ್ರೀಸ್ ಸವರಿದೆ, ಪೆಡಲಿನ ಅರ್ತನ್ನು ಇಸಿಎಂ ಪಿನ್ನಿಗೆ ಎಳೆದೆ. ಮಂಡಗದ್ದೆಯವರೆಗೆ ಸುರಿವ ಮಳೆಯಲ್ಲೇ ಹೋಗಿ ಬಂದೆವು, ಕೋಡ್ ಮರಳಲಿಲ್ಲ.

ಇನ್ನೊಂದು ಸಣ್ಣದು, ಆದರೆ ತುಂಬ ಜನ ಕೇಳುವುದು: ಜೀಪಿನ ಹಳೇ ಟೆಂಪರೇಚರ್ ಮೀಟರ್. ಅದನ್ನು ಇಸಿಎಂನ ಕೂಲಂಟ್ ಸೆನ್ಸರಿಗೆ ಜೋಡಿಸಬಾರದು, ಎರಡೂ ತಪ್ಪು ತೋರಿಸುತ್ತವೆ. ಮೀಟರಿನ ಹಳೇ ಸೆಂಡರನ್ನೇ (ಅದಕ್ಕೆ ಬಿಸಿ ತಿಳಿಸುವ ಸೆನ್ಸರ್) ಬೇರೆ ತೂತಿನಲ್ಲಿ ಕೂರಿಸಿ ಪ್ರತ್ಯೇಕ ವೈರು ಕೊಟ್ಟೆ.

ಕಾಗದದ ಕೆಲಸ ಗೌಡರದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು. ಗುಜರಿಯ ಬಿಲ್ಲಿನಲ್ಲಿ ಆ ನಂಬರ್ ಬರೆಸಿಕೊಂಡಿದ್ದರು. ಬಿಲ್ಲಿಲ್ಲದ ಎಂಜಿನ್ನಿಗೆ ನಾನು ವೈರು ಜೋಡಿಸುವುದಿಲ್ಲ.