ಪೈಥಾನ್ ಸರ್ವರ್‌ನ ಮೆಮೊರಿ ಸೋರುತ್ತಿದ್ದರೆ

ಬೆಳಿಗ್ಗೆ ಹಗುರವಾಗಿದ್ದ ಪೈಥಾನ್ ವೆಬ್ ಸರ್ವರ್ ಸಂಜೆಯ ಹೊತ್ತಿಗೆ ಮೆಮೊರಿಯನ್ನೆಲ್ಲ ನುಂಗಿ ಕುಳಿತಿದ್ದರೆ, ಕೋಡನ್ನು ಸಾಲುಸಾಲಾಗಿ ಓದಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಹಾಗೆ ಎರಡು ದಿನ ಹಾಳುಮಾಡಿಕೊಂಡಿದ್ದೇನೆ. 3.4ನೇ ಆವೃತ್ತಿಯಿಂದ ಪೈಥಾನ್ ಜೊತೆಗೇ ಬರುವ ಟ್ರೇಸ್‌ಮ್ಯಾಲಕ್ (tracemalloc) ಇದೆ, ಕೋಡಿನ ಯಾವ ಸಾಲು ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಸಾಧನ; ಅದನ್ನು ಬಳಸಿ.

ಪರೀಕ್ಷೆಯ ಯಂತ್ರದಲ್ಲಿ ಒಂದೇ ವರ್ಕರ್ (ವಿನಂತಿಗಳಿಗೆ ಉತ್ತರಿಸುವ ಸರ್ವರ್ ಪ್ರಕ್ರಿಯೆ) ಇಟ್ಟುಕೊಳ್ಳಿ. ಪ್ರತಿ ವರ್ಕರ್‌ನ ಮೆಮೊರಿ ಬೇರೆಬೇರೆ, ನಾಲ್ಕಿದ್ದರೆ ಯಾವುದನ್ನು ಅಳೆಯುತ್ತಿದ್ದೀರಿ ಎಂಬುದೇ ತಿಳಿಯುವುದಿಲ್ಲ. ಮೊದಲ ನೂರಿನ್ನೂರು ವಿನಂತಿಗಳು ಹೋಗಲಿ. ಆ ಹಂತದಲ್ಲಿ ಮೆಮೊರಿ ಏರುವುದು ಸಹಜ, ಅದು ಸೋರಿಕೆಯಲ್ಲ. ನಂತರ ಟ್ರೇಸ್‌ಮ್ಯಾಲಕ್‌ನಿಂದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ಚಿತ್ರಣ) ತೆಗೆದು, ಸಂಶಯವಿರುವ ಪುಟಕ್ಕೆ ಸಾವಿರ ವಿನಂತಿ ಕಳುಹಿಸಿ, ಇನ್ನೊಂದು ತೆಗೆಯಿರಿ. ಎರಡನ್ನೂ ಹೋಲಿಸಿದರೆ ಯಾವ ಕಡತದ ಯಾವ ಸಾಲಿನ ಮೆಮೊರಿ ಬೆಳೆಯುತ್ತಿದೆ ಎಂಬುದು ಮೇಲೆಯೇ ಕಾಣಿಸುತ್ತದೆ.

ನನ್ನ ಪ್ರಕರಣದಲ್ಲಿ ಕಳ್ಳ ಮನೆಯೊಳಗೇ ಇದ್ದ. ಹುಡುಕಾಟದ ಫಂಕ್ಷನ್‌ಗೆ ಎಲ್‌ಆರ್‌ಯು ಕ್ಯಾಶ್ (ಹಿಂದಿನ ಉತ್ತರಗಳನ್ನು ನೆನಪಿಟ್ಟು, ಮಿತಿ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ್ದನ್ನು ಬಿಸಾಡುವ ವ್ಯವಸ್ಥೆ) ಹಾಕಿ, ಗರಿಷ್ಠ ಗಾತ್ರವನ್ನು 'None' ಎಂದು ಕೊಟ್ಟಿದ್ದೆ. ಅಂದರೆ ಮಿತಿಯೇ ಇಲ್ಲ! ಬಳಕೆದಾರರು ಟೈಪಿಸಿದ ಪ್ರತಿ ಹೊಸ ಪದವೂ ಅಲ್ಲಿ ಶಾಶ್ವತವಾಗಿ ಠಿಕಾಣಿ ಹೂಡುತ್ತಿತ್ತು. ಏನೂ ಕೊಡದಿದ್ದರೆ 128 ಎಂಬ ಮಿತಿ ತಾನಾಗಿಯೇ ಇರುತ್ತಿತ್ತು, ಅತಿಬುದ್ಧಿ ನನ್ನದೇ.

ತಪ್ಪು ಸಿಗುವವರೆಗೆ ಪೈಥಾನ್ ವೆಬ್ ಆ್ಯಪ್‌ಗಳನ್ನು ನಡೆಸುವ ಗುನಿಕಾರ್ನ್ ಸರ್ವರ್‌ನಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ಸ್ ಆಯ್ಕೆಯನ್ನು 1000ಕ್ಕೆ ಇಟ್ಟರೆ, ಅಷ್ಟು ವಿನಂತಿಗಳಾದ ಮೇಲೆ ವರ್ಕರ್ ಮರುಹುಟ್ಟು ಪಡೆಯುತ್ತದೆ. ಜಿಟರ್ (ಆ ಸಂಖ್ಯೆಯನ್ನು ವರ್ಕರ್‌ನಿಂದ ವರ್ಕರ್‌ಗೆ ಸ್ವಲ್ಪ ಬದಲಿಸುವ ಆಯ್ಕೆ) ಕೂಡ ಕೊಡಿ, ಇಲ್ಲದಿದ್ದರೆ ಎಲ್ಲ ವರ್ಕರ್‌ಗಳೂ ಒಟ್ಟಿಗೇ ಎದ್ದು ಹೋಗಬಹುದು. ಇದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟಂತೆ ಅಷ್ಟೇ.

ಹೋಲಿಕೆಯಲ್ಲಿ ಏನೂ ಕಾಣದೆ ಮೆಮೊರಿ ಮಾತ್ರ ಏರುತ್ತಿದ್ದರೆ, ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳ ಮೇಲೆ ಕಣ್ಣಿಡಿ. ಅವು ನೇರವಾಗಿ ಪಡೆಯುವ ಮೆಮೊರಿ ಟ್ರೇಸ್‌ಮ್ಯಾಲಕ್‌ಗೆ ಕಾಣುವುದಿಲ್ಲ.