ಲೆಕ್ಕಕ್ಕೆ ಸಿಗದ ಜನರನ್ನ ಲೆಕ್ಕ ಹಾಕೋದು ಹೆಂಗೆ

ಡ್ರಗ್ಸ್ ಇಂಜೆಕ್ಟ್ ಮಾಡ್ಕೊಳೋರು, ಬೀದಿಲೇ ಮಲಗೋರು, ಲೈಂಗಿಕ ಕಾರ್ಯಕರ್ತರು, ಇವರೆಲ್ಲ ಮನೆಮನೆ ಸರ್ವೆಲಿ ಸಿಗೋದೇ ಕಷ್ಟ, ಸಿಕ್ಕಿದ್ರೂ ಹೌದು ನಾನೇ ಅಂತ ಒಪ್ಕೊಳೋರು ಕಮ್ಮಿ. ಆದ್ರೆ ಎಷ್ಟು ಜನ ಇದಾರೆ ಅಂತ ಗೊತ್ತಿಲ್ದೆ ಎಷ್ಟು ಔಷಧಿ ತರಿಸ್ಬೇಕು ಅಂತ ಹೇಳೋಕಾಗಲ್ಲ.

ಮೊದ್ಲು ಕ್ಯಾಪ್ಚರ್-ರೀಕ್ಯಾಪ್ಚರ್ ಕಲೀರಿ. ಮೀನು ಎಣಿಸೋ ಉಪಾಯ ಇದು, ಒಂದಷ್ಟು ಹಿಡಿದು ಗುರುತು ಹಾಕಿ ಬಿಡೋದು, ಆಮೇಲೆ ಮತ್ತೆ ಬಲೆ ಬೀಸಿ ಗುರುತಿರೋವು ಎಷ್ಟು ಬಂದ್ವು ಅಂತ ನೋಡೋದು. ಜನರಿಗೆ ಬಲೆ ಬದ್ಲು ಎರಡು ಲಿಸ್ಟ್. ಚಂದ್ರಶೇಖರನ್ ಮತ್ತೆ ಡೆಮಿಂಗ್ ಅನ್ನೋ ಸಂಖ್ಯಾಶಾಸ್ತ್ರಜ್ಞರು 1949ರಲ್ಲೇ ಕಲ್ಕತ್ತಾ ಹತ್ರದ ಸಿಂಗೂರಿನ ಜನನ ಮರಣದ ದಾಖಲೆಗಳಿಗೆ ಹಿಂಗೇ ಮಾಡಿದ್ರು.

ಕ್ಲಿನಿಕ್ ಲಿಸ್ಟಲ್ಲಿ 200 ಜನ, ಆಶ್ರಯ ಕೇಂದ್ರದ ಲಿಸ್ಟಲ್ಲಿ 150, ಎರಡರಲ್ಲೂ ಇರೋರು 30 ಅಂದ್ಕೊಳಿ. 200ನ್ನ 150ರಿಂದ ಗುಣಿಸಿ 30ರಿಂದ ಭಾಗಿಸಿ, 1000 ಬರುತ್ತೆ. ಸಣ್ಣ ಸಂಖ್ಯೆಗಳಿಗೆ ಚಾಪ್‌ಮನ್ ತಿದ್ದುಪಡಿ (ಮೂರೂ ಸಂಖ್ಯೆಗೆ 1 ಸೇರಿಸಿ ಲೆಕ್ಕ ಹಾಕೋದು) ವಾಸಿ: 201 ಗುಣಿಸು 151, ಭಾಗಿಸು 31, ಅದ್ರಲ್ಲಿ 1 ಕಳೀರಿ, ಸುಮಾರು 978. ಆದ್ರೆ 95% ರೇಂಜ್, ಅಂದ್ರೆ ನಿಜವಾದ ಸಂಖ್ಯೆ ಬಹುತೇಕ ಇರಬಹುದಾದ ವ್ಯಾಪ್ತಿ, ಹಾಕಿದ್ರೆ ಹತ್ತಿರತ್ರ 700ರಿಂದ 1256ರವರೆಗೂ ಹೋಗುತ್ತೆ, ದಯವಿಟ್ಟು ಆ ರೇಂಜ್ ಬಿಟ್ಟು ಬರೀ 978 ಅಂತ ರಿಪೋರ್ಟ್ ಬರೀಬೇಡಿ.

ಎಲ್ಲಾ ನಿಂತಿರೋದು ಆ 30ರ ಮೇಲೆ. ಒಬ್ಬನೇ ಮನುಷ್ಯ ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ಪೂರ್ತಿ ಹೆಸರು ಕೊಟ್ಟಿರ್ತಾನೆ, ಅಂಥಾ 10 ಜನರನ್ನ ನೀವು ಮಿಸ್ ಮಾಡಿದ್ರಿ ಅಂದ್ರೆ ನಿಜವಾದ ಹೊಂದಾಣಿಕೆ 40, ಲೆಕ್ಕ 1000 ಅಲ್ಲ, 750! ಇನ್ನೊಂದು, ಕ್ಲಿನಿಕ್‌ನವರೇ ಜನರನ್ನ ಆಶ್ರಯ ಕೇಂದ್ರಕ್ಕೆ ಕಳಿಸ್ತಿದ್ರೆ ಎರಡೂ ಲಿಸ್ಟಲ್ಲಿ ಇರೋರು ಜಾಸ್ತಿ ಆಗಿ ಉತ್ತರ ತಗ್ಗುತ್ತೆ. ಅದಕ್ಕೇ ಮೂರನೇ ಲಿಸ್ಟ್ ಸಿಕ್ರೆ ಬಿಡ್ಬೇಡಿ, ಲಾಗ್-ಲೀನಿಯರ್ ಮಾಡೆಲ್ ಅನ್ನೋ ಸಂಖ್ಯಾಶಾಸ್ತ್ರದ ವಿಧಾನ ಹಾಕಿ ಲಿಸ್ಟ್‌ಗಳ ನಡುವಿನ ಆ ನಂಟನ್ನೂ ಲೆಕ್ಕಕ್ಕೆ ತಗೋಬಹುದು.

ಲಿಸ್ಟೇ ಇಲ್ವಾ? ಮಲ್ಟಿಪ್ಲೈಯರ್ ಮಾಡಿ. ಬೇರೆಲ್ಲೂ ಸಿಗದ ಒಂದು ಕೀಚೈನ್ 500 ಜನಕ್ಕೆ ಹಂಚಿ, ತಲಾ ಒಂದೇ, ಕೆಲವು ವಾರ ಬಿಟ್ಟು ಬೇರೆಯಾಗಿ ಸರ್ವೆ ಮಾಡಿ, 25% ಜನ ಕೀಚೈನ್ ನಮಗೆ ಸಿಕ್ಕಿತ್ತು ಅಂದ್ರೆ, ಆ 500 ಜನ ಒಟ್ಟಿನ ಕಾಲು ಭಾಗ, ಒಟ್ಟು 2000.

ಅವರನ್ನ ನೇರವಾಗಿ ತಲುಪೋಕೇ ಆಗದಿದ್ರೆ ನೆಟ್‌ವರ್ಕ್ ಸ್ಕೇಲ್-ಅಪ್ ಇದೆ, ಸಾಮಾನ್ಯ ಜನರನ್ನೇ ನಿಮಗೆ ಗೊತ್ತಿರೋರಲ್ಲಿ ಇಂಥವರು ಎಷ್ಟು ಅಂತ ಕೇಳೋದು. 1985ರ ಮೆಕ್ಸಿಕೋ ಸಿಟಿ ಭೂಕಂಪದಲ್ಲಿ ಸತ್ತವರೆಷ್ಟು ಅನ್ನೋ ಪ್ರಶ್ನೆಯಿಂದ ಹುಟ್ಟಿದ್ದು ಇದು. ಹತ್ತಿರದವರಿಗೂ ಹೇಳದೆ ಮುಚ್ಚಿಟ್ಟಿರೋರು ಇದ್ರಲ್ಲಿ ತಪ್ಪಿಹೋಗ್ತಾರೆ, ಅದು ನೆನಪಿರ್ಲಿ.

ಲಿಸ್ಟ್ ಹೊಂದಿಸುವಾಗ ಹೆಸರಿನ ಬದ್ಲು ಕೋಡ್ ಬಳಸಿ, ಅವರು ಸೇರೋ ಜಾಗದ ಮ್ಯಾಪ್ ಯಾರಿಗೂ ಕೊಡ್ಬೇಡಿ, ಪೊಲೀಸರ ಕೈಗೆ ಸಿಕ್ರೆ ತೊಂದ್ರೆ ಆಗೋದು ಅವರಿಗೇ.