ಹೆದರಿದ ಸರ್ವಿಸ್ ಡಾಗ್ ಮತ್ತೆ ಕೆಲಸಕ್ಕೆ ಬಂತು: ನನ್ನ ಅನುಭವ

"ಈ ನಾಯಿ ಮುಗೀತು, ರಿಟೈರ್ ಮಾಡಿಸಿ, ಹೊಸ ಮರಿ ತನ್ನಿ" ಅಂತ ಮೂರ್ನಾಲ್ಕು ಟ್ರೈನರ್‌ಗಳು ಹೇಳಿದ್ದರು. ಅವರಲ್ಲಿ ಇಬ್ಬರು ನನಗಿಂತ ತುಂಬಾ ಹಿರಿಯರು. ಅದೇ ಕಪ್ಪು ಲ್ಯಾಬ್ರಡಾರ್ (ಲ್ಯಾಬ್), ಅಂಗವಿಕಲರಿಗೆ ನೆರವಾಗಲು ಕಲಿತ ಸರ್ವಿಸ್ ಡಾಗ್, ಈಗ ಶನಿವಾರದ ಗದ್ದಲದಲ್ಲೂ ಸೂಪರ್‌ಮಾರ್ಕೆಟ್‌ನಲ್ಲಿ ಆರಾಮಾಗಿ ಕೆಲಸ ಮಾಡುತ್ತಿದೆ. ವರ್ಷ ದಾಟಿತು, ಹಳೆಯ ಭಯ ಮರಳಿಲ್ಲ.

ನಾನು ಕ್ಯಾಲಿಫೋರ್ನಿಯಾದಲ್ಲಿ ಟ್ರೈನರ್. ಈ ಲ್ಯಾಬ್ ವೀಲ್‌ಚೇರ್‌ನಲ್ಲಿ ಓಡಾಡುವ ಒಬ್ಬ ಮಹಿಳೆಯದು. ಬಿದ್ದದ್ದನ್ನು ಎತ್ತಿ ಕೊಡುತ್ತದೆ, ಬಾಗಿಲಿನ ಬಟನ್ ಒತ್ತುತ್ತದೆ, ಕೋಟಿನ ತೋಳು ಎಳೆದು ಬಿಚ್ಚುತ್ತದೆ. ಯಾವುದೋ ಸಂಸ್ಥೆ ಉಚಿತವಾಗಿ ಕೊಟ್ಟ ನಾಯಿಯಲ್ಲ. ಅವರೇ ನನ್ನ ಜೊತೆ ಸೇರಿ ಹತ್ತಿರ ಹತ್ತಿರ ಎರಡು ವರ್ಷ ಕಲಿಸಿದ್ದು. ಅಂಗವಿಕಲರ ಹಕ್ಕುಗಳಿಗಾಗಿ ಇರುವ ಅಮೆರಿಕದ ಎಡಿಎ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಮರಿ, ವೆಟ್, ನನ್ನ ಫೀಸು ಎಲ್ಲ ಸೇರಿ 15,000 ಡಾಲರ್ ಆಗಿತ್ತು ಅಂತ ನೆನಪು. ಪೂರ್ತಿ ಅವರ ಕೈಯಿಂದ.

ಇದನ್ನೆಲ್ಲ ಒಂದು ಕ್ಷಣದಲ್ಲಿ ಕೆಡಿಸಿದ್ದು ಶಾಪಿಂಗ್ ಕಾರ್ಟ್‌ನಲ್ಲಿ ಕೂತಿದ್ದ ಒಂದು ಸಣ್ಣ ಸಾಕುನಾಯಿ. ಮೈಮೇಲೆ "ಸರ್ವಿಸ್ ಡಾಗ್" ಅಂತ ಬರೆದ ಕೆಂಪು ವೆಸ್ಟ್. ಕಾರ್ಟ್‌ನಿಂದ ಬಗ್ಗಿ ಲ್ಯಾಬ್‌ನ ಕಿವಿಯನ್ನು ಕಚ್ಚಿ ಹರಿಯಿತು. "ಇವನಿಗೆ ಬೇರೆ ನಾಯಿ ಕಂಡ್ರೆ ಆಗಲ್ಲ" ಅಂದ ಅದರ ಯಜಮಾನ, ಹೋಗೇಬಿಟ್ಟ. ಆ ವೆಸ್ಟ್ ಆನ್‌ಲೈನ್‌ನಲ್ಲಿ 30–40 ಡಾಲರ್‌ಗೆ ಸಿಗುತ್ತದೆ. ಜೊತೆಗೆ ಕಾರ್ಡು, ಸರ್ಟಿಫಿಕೇಟನ್ನೂ ಮಾರುತ್ತಾರೆ. ಕಾನೂನಿನಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ. ಆದರೆ ಅಂಗಡಿಯವರು ಕಾರ್ಡು ನೋಡಿ ಸುಮ್ಮನಾಗುತ್ತಾರೆ. ಅಸಲಿ ಸರ್ವಿಸ್ ಡಾಗ್ ಇಟ್ಟುಕೊಂಡವರ ಹತ್ತಿರ ಅಂಥ ಕಾರ್ಡು ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅನುಮಾನವೆಲ್ಲ ಅವರ ಮೇಲೆ. ಎಂಥ ಅನ್ಯಾಯ ಅಲ್ವಾ?

ವೆಟ್ ಬಿಲ್ಲು 700 ಡಾಲರ್ ಆಸುಪಾಸು. ಗಾಯ ಬೇಗ ಮಾಗಿತು, ಭಯ ಉಳಿಯಿತು. ಅಂಗಡಿಯೊಳಗೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾರುತ್ತಿತ್ತು, ಲೀಶ್ ಜಗ್ಗಿ ವೀಲ್‌ಚೇರ್ ತಿರುಗಿ ಕಪಾಟಿಗೆ ಬಡಿಯುತ್ತಿತ್ತು. ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಕೆಲಸಕ್ಕೂ ರಜೆ, ಸಂಬಳವೂ ಇಲ್ಲ.

ಮೊದಲು ಬೇರೆಯವರ ಕೈಯಲ್ಲಿ ಆದ ಪ್ರಯತ್ನಗಳೆಲ್ಲ ಕೆಟ್ಟವು. ಬೇರೆ ನಾಯಿ ಕಾಣುವ ಮೊದಲೇ ಟ್ರೀಟ್ (ತಿಂಡಿ ಬಹುಮಾನ) ಕೊಟ್ಟರು. ಕೊನೆಗೆ ಟ್ರೀಟ್ ಚೀಲದ ಸದ್ದೇ "ಅಪಾಯ ಬಂತು" ಅನ್ನುವ ಸೂಚನೆ ಆಯಿತು. ಪಾರ್ಕ್‌ನಲ್ಲಿ ಸಾಧು ನಾಯಿಗಳ ಜೊತೆ ಬಿಟ್ಟರು. ಅಲ್ಲಿ ಬಾಲ ಅಲ್ಲಾಡಿಸಿ ಆಡಿತು, ಅಂಗಡಿಗೆ ಬಂದರೆ ಮತ್ತೆ ಅದೇ ನಡುಕ. ನಾಯಿಯನ್ನು ಶಾಂತಗೊಳಿಸಲೆಂದು ಮಾರುವ ಫೆರೊಮೋನ್ ಕಾಲರ್ ಒಂದು ತಿಂಗಳು ಹಾಕಿದರು, ಏನೂ ಬದಲಾಗಲಿಲ್ಲ. ಇಷ್ಟಕ್ಕೇ 1,500 ಡಾಲರ್ ಕರಗಿತ್ತು.

ಆಮೇಲೆ ನಾನು ವೀಲ್‌ಚೇರ್ ಹಿಂದೆ ಫೋನ್ ಕಟ್ಟಿ ವಿಡಿಯೊ ತೆಗೆದೆ. ನಿಧಾನಗತಿಯಲ್ಲಿ ನೋಡುತ್ತಿದ್ದಂತೆ ಗುಟ್ಟು ಸಿಕ್ಕಿತು. ಸುತ್ತ ಒಂದು ನಾಯಿಯೂ ಇಲ್ಲದಾಗಲೂ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಯಾವಾಗ? ಕಾರ್ಟ್ ಚಕ್ರ ಗಡಗಡ ಅಂದಾಗ. ಅದರ ಲೆಕ್ಕದಲ್ಲಿ ಕಚ್ಚಿದ್ದು ನಾಯಿಯಲ್ಲ, ಕಾರ್ಟು! ಎಲ್ಲರೂ ನಾಯಿ ತೋರಿಸಿ ತೋರಿಸಿ ಹಣ ಸುರಿದಿದ್ದರು.

ಮುಚ್ಚಿದ ಅಂಗಡಿಯೊಂದರಿಂದ ಹಳೇ ಕಾರ್ಟ್ ಕೊಂಡೆ, 40 ಡಾಲರ್ ಇರಬೇಕು. ಮೊದಲು ದೂರದಲ್ಲಿ ಸುಮ್ನೆ ನಿಂತ ಖಾಲಿ ಕಾರ್ಟ್. ಆಮೇಲೆ ಚಕ್ರಕ್ಕೆ ಬಟ್ಟೆ ಸುತ್ತಿ ಮೆಲ್ಲಗೆ ಉರುಳಿಸಿದ್ದು, ಆಮೇಲೆ ಬಟ್ಟೆ ಬಿಚ್ಚಿ. ಮುಂದೆ ಅದರಲ್ಲಿ ಗೊಂಬೆ, ಕೊನೆಗೆ ನನ್ನ ಮುದಿ ನಾಯಿ. ನಾಯಿ ಸರಿಯಾಗಿ ಮಾಡಿದ ಕ್ಷಣವೇ ಕ್ಲಿಕ್ಕರ್‌ನಿಂದ ಟಿಕ್ ಅನ್ನಿಸಿ ಬಹುಮಾನ ಕೊಡುವುದು ಮಾಮೂಲಿ ಕ್ರಮ. ನಾನು ಬದಲಿಸಿದ್ದು ಬಹುಮಾನವನ್ನು. ಕಾರ್ಟ್ ನೋಡಿ ಮುಖ ತಿರುಗಿಸಿದ ಕೂಡಲೇ ಟ್ರೀಟ್ ಬದಲು ಕೀ ಗೊಂಚಲು ಕೆಳಗೆ ಬೀಳಿಸಿ "ತಗೋ" ಅನ್ನುವುದು. ಈ ಲ್ಯಾಬ್‌ಗೆ ಎತ್ತಿ ಕೊಡುವುದೆಂದರೆ ಪ್ರಾಣ. ಹೆದರಿಕೆಯ ಜಾಗದಲ್ಲೇ ಕೆಲಸ ಸಿಕ್ಕಿತು, ಕೆಲಸದಲ್ಲಿ ಖುಷಿ ಸಿಕ್ಕಿತು. ಹೇಳಿದ್ದನ್ನು ಒಂದೇ ಸಲಕ್ಕೆ ಮಾಡುವವರೆಗೆ ಒಂದು ಹೆಜ್ಜೆಯೂ ಹತ್ತಿರ ಹೋಗುತ್ತಿರಲಿಲ್ಲ. ಪಾರ್ಕಿಂಗ್ ಜಾಗದಿಂದ ಅಂಗಡಿ ಒಳಗೆ ದಾಟಿಸಿದ ಕ್ರಮ ಮಾತ್ರ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ತುಂಬಾ ಬೆವರು ಹರಿಸಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕೆಂಪು ವೆಸ್ಟ್ ಕಂಡರೆ ಭಯವೇ ಅಂತ ನನ್ನ ನಾಯಿಗೆ ಅಂಥದೇ ವೆಸ್ಟ್ ಹಾಕಿ ನೋಡಿದೆ. ಲ್ಯಾಬ್ ಕ್ಯಾರೇ ಅನ್ನಲಿಲ್ಲ. ಆದರೆ ಎಳೆದಷ್ಟೂ ಉದ್ದವಾಗುವ ಲೀಶ್ ಇದೆಯಲ್ಲ, ಅದರ ಬಟನ್ ಟಕ್ ಅಂದರೆ ಸೆಟೆದು ನಿಲ್ಲುತ್ತಿತ್ತು. ಅದಕ್ಕೆ ಬೇರೆ ಎರಡು ವಾರ ಹೋಯಿತು.

ಇಷ್ಟಾದರೂ ಇನ್ನೊಂದು ನಾಯಿ ಕಚ್ಚಿದರೆ ಎಲ್ಲ ನೀರುಪಾಲು. ಅದಕ್ಕೆ ಅಂಗಡಿಯ ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ಏನನ್ನೂ ಕೇಳುವ ಹಾಗಿಲ್ಲ ಅಂತ ಅವರ ಸಿಬ್ಬಂದಿ ನಂಬಿದ್ದರು. ಆದರೆ ಕಾನೂನಿನ ಪ್ರಕಾರ ಎರಡು ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಯಾವ ಕೆಲಸ ಕಲಿತಿದೆ? ಕಾಗದ ಕೇಳಬಾರದು, ಕೆಲಸ ಮಾಡಿ ತೋರಿಸಿ ಅನ್ನಬಾರದು. ಆದರೆ ಮೇಲೆ ಬೀಳುವ ನಾಯಿಯನ್ನು ಯಜಮಾನ ಹಿಡಿತಕ್ಕೆ ತರದಿದ್ದರೆ, ಅಸಲಿ ಸರ್ವಿಸ್ ಡಾಗ್ ಆದರೂ ಹೊರಗೆ ಕಳಿಸಬಹುದು. ಕಾರ್ಟ್‌ನಲ್ಲಿ ಕೂರಿಸಲು ಬಿಡಬೇಕು ಅಂತಲೂ ಇಲ್ಲ. ಮ್ಯಾನೇಜರ್ ಸಿಬ್ಬಂದಿಗೆಲ್ಲ ಹೇಳಿಕೊಟ್ಟರು. ಆಮೇಲೆ ಅಲ್ಲಿ ಕಾರ್ಟ್ ನಾಯಿಗಳು ಕಣ್ಣಿಗೆ ಬೀಳುವುದೇ ಅಪರೂಪ.

ಒಟ್ಟು ಖರ್ಚು 4,500 ಡಾಲರ್ ಹತ್ತಿರ ಹೋಯಿತು, ಹೋದ ಸಂಬಳ ಬೇರೆ. ಬೇಕಂತಲೇ ಸುಳ್ಳು ಹೇಳಿ ಸಾಕುನಾಯಿಯನ್ನು ಸರ್ವಿಸ್ ಡಾಗ್ ಅಂದರೆ ಇಲ್ಲಿ 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು ಇದೆ. ಆದರೆ ಹೆಸರು ಹೇಳದೆ ಹೋದವನನ್ನು ಎಲ್ಲಿ ಹುಡುಕುವುದು? ದಂಡ ಕಟ್ಟಿದರೂ ಈ ಹೆಂಗಸಿನ ಕೈಗೆ ಬರುವುದಿಲ್ಲ.

ವಿಮಾನದ ವಿಷಯದಲ್ಲೂ ಇಂಥದೇ ಸುಳ್ಳು ನಡೆಯುತ್ತದೆ. 2021ರ ಜನವರಿಯಿಂದ ಎಮೋಷನಲ್ ಸಪೋರ್ಟ್ ನಾಯಿಗಳನ್ನು (ಕೆಲಸ ಕಲಿಯದೆ, ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವಂಥವು) ವಿಮಾನದವರು ಸಾಕುಪ್ರಾಣಿ ಅಂತಲೇ ಎಣಿಸಬಹುದು. ಸರ್ವಿಸ್ ಡಾಗ್‌ಗೆ ತುಂಬುವ ಫಾರ್ಮ್‌ನಲ್ಲಿ ಟ್ರೈನರ್ ಹೆಸರು ಕೇಳುತ್ತಾರೆ. "ನಿಮ್ಮ ಹೆಸರು ಹಾಕ್ಲಾ, 200 ಡಾಲರ್ ಕೊಡ್ತೀನಿ" ಅಂತ ನನಗೇ ಫೋನ್ ಬರುತ್ತದೆ. ನಾನು ಒಬ್ಬರಿಗೂ ಹೂಂ ಅಂದಿಲ್ಲ. ನೀವು ಟ್ರೈನರ್ ಆಗಿದ್ದರೆ, ದಯವಿಟ್ಟು ನೀವೂ ಒಪ್ಪಬೇಡಿ.

ಈಗ ಕಿವಿ ಕೇಳದವರೊಬ್ಬರಿಗೆ ಸದ್ದುಗಳನ್ನು ತಿಳಿಸುವ ಹಿಯರಿಂಗ್ ಡಾಗ್ ನನ್ನ ಹತ್ತಿರ ಬಂದಿದೆ. ಅದಕ್ಕೆ ಬೇರೆ ನಾಯಿ ಕಚ್ಚಿದ್ದು ಲಿಫ್ಟ್‌ನಲ್ಲಿ. ಈ ಸಲ ಮೊದಲ ದಿನವೇ ವಿಡಿಯೊ ತೆಗೆದೆ. ನಾಯಿಗಳ ಬಗ್ಗೆ ಅದಕ್ಕೆ ಚಿಂತೆಯೇ ಇಲ್ಲ, ಬಾಗಿಲು ತೆರೆಯುವ ಟಿಂಗ್ ಸದ್ದಿಗೇ ಬಾಲ ಒಳಗೆ ಹೋಗುತ್ತದೆ. ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲೇ ಶುರು ಮಾಡಿದ್ದೇವೆ.